ಇ-ಟೈಪ್ ಮರದ ಮಾದರಿ: ಬಾನೆಟ್ ಕೊನೆಗೂ ದಾರಿಗೆ ಬಂತು

ಹೊಸದಾಗಿ ಓದುತ್ತಿರುವವರಿಗೆ ಎರಡು ಮಾತು. ನಾನು ಕೆತ್ತುತ್ತಿರುವುದು 1961ರ ಜಾಗ್ವಾರ್ ಇ-ಟೈಪ್, ಮುಚ್ಚಿದ ಛಾವಣಿಯ ಕೂಪೆ. ಅಳತೆ ಹನ್ನೆರಡರಲ್ಲಿ ಒಂದು. ನಿಜವಾದ ಕಾರಿನ ಒಂದು ಅಡಿ ನನ್ನ ಮೇಜಿನ ಮೇಲೆ ಒಂದು ಇಂಚು. ಈ ಅಳತೆ ಆರಿಸಿಕೊಂಡದ್ದು ಸುಮ್ನೆ ಸೋಮಾರಿತನಕ್ಕೆ. ಇ-ಟೈಪಿನ ವೀಲ್‌ಬೇಸ್, ಅಂದರೆ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ದೂರ, 96 ಇಂಚು, ಹನ್ನೆರಡರಿಂದ ಭಾಗಿಸಿದರೆ ಸರಿಯಾಗಿ 8. ಕ್ಯಾಲ್ಕುಲೇಟರ್ ಬೇಡ. ಉದ್ದ ಸುಮಾರು 371 ಮಿ.ಮೀ., ಅಗಲ 138. ಬಾಗಿಲು ತೆರೆಯುವುದಿಲ್ಲ, ಒಳಗೆ ಸೀಟಿಲ್ಲ, ಕಿಟಕಿಗಳಿಗೆ ಕಪ್ಪು ಬಣ್ಣ ಅಷ್ಟೆ. ನನಗೆ ಬೇಕಿರುವುದು ಆಕಾರ ಮಾತ್ರ.

ಮರ, ಚನ್ನಪಟ್ಟಣದ ಗೊಂಬೆಗಳಿಗೆ ಬಳಸುವ ಆಲೆ ಮರ. ಬೆಳ್ಳಗಿರುತ್ತದೆ, ಎಳೆ ನಯ, ಉಳಿಗೆ ಹಟ ಮಾಡುವುದಿಲ್ಲ. ಆದರೆ ಅದು ದಪ್ಪಕ್ಕೆ ಬೆಳೆಯುವ ಮರವಲ್ಲ, ಇಷ್ಟು ಅಗಲದ ಒಂದೇ ತುಂಡು ಸಿಗುವುದು ಕಷ್ಟ. ಹಾಗಾಗಿ ಎರಡು ತುಂಡುಗಳನ್ನು ಉದ್ದಕ್ಕೆ ಅಂಟಿಸಿ ಒಂದು ಮಾಡಿಕೊಂಡಿದ್ದೇನೆ. ಅಂಟಿನ ಗೆರೆ ಕಾರಿನ ಸರಿಯಾಗಿ ನಡುವೆ ಬರುತ್ತದೆ. ಪೆನ್ಸಿಲ್‌ನಲ್ಲಿ ಎಳೆದ ನಡುಗೆರೆ ಸ್ಯಾಂಡ್ ಪೇಪರ್ ತಾಗಿದ ಕೂಡಲೇ ಮಾಯ. ಈ ಗೆರೆ ಎಷ್ಟು ಕೆತ್ತಿದರೂ ಅಲ್ಲೇ ಇರುತ್ತದೆ. ಎಡ ಬಲ ಹೋಲಿಸಲು ಇದಕ್ಕಿಂತ ಒಳ್ಳೆಯ ಗುರುತು ಬೇಕಿಲ್ಲ.

ಈ ತಿಂಗಳು ಪೂರ್ತಿ ಕೆಲಸ ನಡೆದದ್ದು ಬಾನೆಟ್ ಮೇಲೆ. ಇ-ಟೈಪ್ ಅಂದರೆ ಬಾನೆಟ್ಟೇ, ಅಲ್ವಾ? ಮುಂದಿನ ಮಡ್‌ಗಾರ್ಡ್‌ಗಳು, ಮೂತಿ, ಎಲ್ಲ ಸೇರಿ ಒಂದೇ ಮುಚ್ಚಳದಂತೆ ಮುಂದಕ್ಕೆ ತೆರೆದುಕೊಳ್ಳುತ್ತದೆ. ಅದರ ನಡುವೆ ಉದ್ದಕ್ಕೂ ಒಂದು ಉಬ್ಬು. ಎಷ್ಟೋ ಜನ ಅದನ್ನು ಅಲಂಕಾರ ಅಂದುಕೊಳ್ಳುತ್ತಾರೆ. ಕಾರಣ ಕೆಳಗಿದೆ. ಜಾಗ್ವಾರಿನ ಆರು ಸಿಲಿಂಡರ್ ಎಕ್ಸ್‌ಕೆ ಎಂಜಿನ್ ಎತ್ತರದ್ದು. 3.8 ಲೀಟರ್, ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡಾಡುವ ದೂರ) 106 ಮಿ.ಮೀ., ಮೇಲೆ ವಾಲ್ವ್ ತೆರೆಯುವ ಎರಡು ಕ್ಯಾಮ್‌ಶಾಫ್ಟ್. ಇದೇ ಎಂಜಿನ್ ವಂಶವನ್ನು ಹೊತ್ತು ಲೆ ಮಾನ್ಸ್‌ನ 24 ಗಂಟೆಗಳ ರೇಸಿನಲ್ಲಿ 1955, 56, 57ರಲ್ಲಿ ಸತತವಾಗಿ ಗೆದ್ದ ಡಿ-ಟೈಪ್ ರೇಸ್ ಕಾರಿನಲ್ಲಿ ಡ್ರೈ ಸಂಪ್ (ಎಣ್ಣೆಯನ್ನು ಎಂಜಿನ್ ಕೆಳಗಿನ ತೊಟ್ಟಿಯಲ್ಲಿ ಇಡದೆ ಬೇರೆ ಟ್ಯಾಂಕಿನಲ್ಲಿ ಇಡುವ ಏರ್ಪಾಟು) ಹಾಕಿ, ಎಂಜಿನ್ನನ್ನು ಸ್ವಲ್ಪ ವಾಲಿಸಿ ಎತ್ತರ ಇಳಿಸಿದ್ದರು. ರಸ್ತೆಯ ಕಾರಿನಲ್ಲಿ ಡ್ರೈ ಸಂಪ್ ಇಲ್ಲ. ಹಾಗಾದರೆ ಬಾನೆಟ್ ಪೂರ್ತಿ ಮೇಲೆತ್ತಬೇಕು, ಇಲ್ಲವೇ ಬೇಕಾದ ಕಡೆ ಮಾತ್ರ ಎತ್ತಬೇಕು. ಅವರು ಎರಡನೆಯದನ್ನು ಮಾಡಿದರು. ಮೈ ತಗ್ಗಾಗಿಯೇ ಉಳಿಯಿತು.

ಕೆತ್ತುವಾಗಲೂ ಇದೇ ಕ್ರಮ ಹಿಡಿದೆ. ನಡುವೆ ಒಂದು ಪಟ್ಟಿಯಷ್ಟು ಮರ ಹಾಗೇ ಬಿಟ್ಟು, ಮೊದಲು ಎರಡೂ ಬದಿಯ ಮೈಯನ್ನು ರಟ್ಟಿನ ಟೆಂಪ್ಲೇಟಿಗೆ ಸರಿಯಾಗಿ ಇಳಿಸಿದೆ. ಉಬ್ಬಿನ ಸರದಿ ಆಮೇಲೆ. ಅದು ಮೂತಿಯ ಹತ್ತಿರ ಎಲ್ಲಿ ಹುಟ್ಟುತ್ತದೆ ಅಂತ ಬೆರಳಿಟ್ಟು ತೋರಿಸಲು ಆಗಬಾರದು. ಅಲ್ಲೇ ಎಲ್ಲ ಕಷ್ಟ ಇರುವುದು. ಉಳಿ ಬದಿಗಿಟ್ಟು ಅರೆದುಂಡಗಿನ ಅರದಲ್ಲಿ, ಕೊನೆಗೆ ಬೆರಳಿಗೆ ಸುತ್ತಿದ 240 ನಂಬರಿನ ಸ್ಯಾಂಡ್ ಪೇಪರಿನಲ್ಲಿ ಉಜ್ಜಿದ್ದೇನೆ.

ಆಕಾರ ಸರಿಯಾಗಿದೆಯೇ ಅಂತ ನೋಡಲು ಒಂದು ಉಪಾಯ. ಒಣ ಮರ ಹೊಳೆಯುವುದಿಲ್ಲ, ತಗ್ಗು ದಿಣ್ಣೆ ಎಲ್ಲವನ್ನೂ ಮುಚ್ಚಿಡುತ್ತದೆ. ಬಟ್ಟೆಯಲ್ಲಿ ಥಿನ್ನರ್ ಅದ್ದಿ ಒರೆಸಿ, ಟ್ಯೂಬ್‌ಲೈಟ್ ಕೆಳಗೆ ಹಿಡಿಯಿರಿ. ಆರುವುದರೊಳಗೆ ಬೆಳಕಿನ ಗೆರೆ ಮೈಮೇಲೆ ಹರಿಯುವುದು ಕಾಣುತ್ತದೆ. ಗೆರೆ ಎಲ್ಲಿ ಕೊಂಕುತ್ತದೋ ಅಲ್ಲಿ ಮತ್ತೆ ಉಜ್ಜಬೇಕು. ನೀರು ಬೇಡ, ಎಳೆ ಎದ್ದು ನಿಲ್ಲುತ್ತದೆ. ಕಿಟಕಿ ಮಾತ್ರ ತೆರೆದಿರಲಿ, ಥಿನ್ನರ್ ವಾಸನೆ ತಲೆಗೆ ಹತ್ತುತ್ತದೆ.

ಹೀಗೆ ಬೆಳಕು ಹಿಡಿದು ನೋಡುವಾಗಲೇ ಈ ಕಾರಿನ ಮೈ ರೂಪಿಸಿದ ಮಾಲ್ಕಮ್ ಸೇಯರ್ ಏನು ಮಾಡಿದ್ದರು ಅನ್ನುವುದು ಕೈಗೆ ಗೊತ್ತಾದದ್ದು. ಸೇಯರ್ ಬ್ರಿಸ್ಟಲ್ ವಿಮಾನ ಕಂಪನಿಯಿಂದ ಬಂದವರು. ತನ್ನನ್ನು ಸ್ಟೈಲಿಸ್ಟ್ ಅಂತ ಕರೆಯುವುದು ಅವರಿಗೆ ಹಿಡಿಸುತ್ತಿರಲಿಲ್ಲ. ಮೈಯ ಬಾಗುಗಳನ್ನು ಸೂತ್ರ ಹಾಕಿ, ಲಾಗ್ ಟೇಬಲ್ ಹಿಡಿದು, ಬಿಂದು ಬಿಂದುವಾಗಿ ಲೆಕ್ಕ ಮಾಡಿ ತೆಗೆಯುತ್ತಿದ್ದರು. ಜಾಗ್ವಾರ್ ಕಂಪನಿಯ ಯಜಮಾನ ವಿಲಿಯಂ ಲಯನ್ಸ್ ಪೂರ್ತಿ ಬೇರೆ ಥರದವರು. ನಿಜ ಗಾತ್ರದ ಮಾದರಿ ಮಾಡಿಸಿ, ಕಣ್ಣಳತೆಯಲ್ಲೇ ತಿದ್ದಿಸುವವರು. ನನಗೆ ಲಯನ್ಸ್ ದಾರಿ ಹತ್ತಿರದ್ದು ಅನಿಸುತ್ತಿತ್ತು. ಆದರೆ ಈ ಕಾರಿನಲ್ಲಿ ಕಣ್ಣಳತೆಗೆ ಬಿಟ್ಟ ಜಾಗ ಬಹಳ ಕಡಿಮೆ. ಪಕ್ಕದ ಮೈ ಉದ್ದಕ್ಕೂ ಬಾಗುತ್ತದೆ, ಮೇಲಿನಿಂದ ಕೆಳಗೂ ಬಾಗುತ್ತದೆ, ಬಾಗಿಲಿನ ಕೆಳಗೆ ಒಳಕ್ಕೆ ಸುತ್ತಿಕೊಳ್ಳುತ್ತದೆ. ಒಂದು ಕಡೆ ಅರ್ಧ ಮಿಲಿಮೀಟರ್ ಜಾಸ್ತಿ ತೆಗೆದರೆ ಬೆಳಕಿನ ಗೆರೆ ಎರಡು ಇಂಚು ಆಚೆ ಮುರಿಯುತ್ತದೆ. ಲೆಕ್ಕದಿಂದ ಬಂದದ್ದು ಇಷ್ಟು ಮೃದುವಾಗಿ ಕಾಣುವುದು ನನಗೆ ಇನ್ನೂ ಪೂರ್ತಿ ಒಗ್ಗಿಲ್ಲ.

ಮೂತಿಗೆ ಬರುತ್ತೇನೆ. ಮುಂದಿನ ಬಾಯಿ ಸಣ್ಣದು, ಮೊಟ್ಟೆಯಾಕಾರ. ಹೆಡ್‌ಲೈಟುಗಳು ಮೈಯೊಳಗೆ ಹುದುಗಿವೆ, ಮೇಲೆ ಗಾಜಿನ ಮುಚ್ಚಳ. ಆ ಗಾಜು ಮೈಯ ಗೆರೆಯನ್ನು ಮುಂದುವರಿಸುತ್ತದೆ. ಅಮೆರಿಕದ ನಿಯಮಗಳ ಕಾರಣಕ್ಕೆ 1967ರಲ್ಲಿ ಗಾಜು ಹೋಯಿತು. 1968ರ ಎರಡನೆಯ ಸರಣಿಯಲ್ಲಿ ಬಾಯಿ ದೊಡ್ಡದಾಯಿತು, ಹಿಂದಿನ ದೀಪಗಳು ದಪ್ಪಗಾಗಿ ಬಂಪರ್ ಕೆಳಗೆ ಇಳಿದವು. 1971ರಲ್ಲಿ ಹನ್ನೆರಡು ಸಿಲಿಂಡರಿನ 5.3 ಲೀಟರ್ ಎಂಜಿನ್ ಬಂದಾಗ ವೀಲ್‌ಬೇಸ್ 105 ಇಂಚಾಯಿತು, ಬಾಯಿಗೆ ಗ್ರಿಲ್ ಬಂತು, ಚಕ್ರದ ಕಮಾನುಗಳು ಹೊರಕ್ಕೆ ಉಬ್ಬಿದವು. ಓಡಿಸುವವರಿಗೆ ಆ ಕಾರು ಆರಾಮ ಇರಬಹುದು. ಕಣ್ಣಿಗೆ ಅದು ಬೇರೆಯೇ ಕಾರು. ನನ್ನ ಕೇಳಿದರೆ ಎಲ್ಲಕ್ಕಿಂತ ಜಾಸ್ತಿ ನಷ್ಟ ಆ ಎರಡು ಗಾಜು ಹೋದದ್ದರಿಂದ ಆದದ್ದು. ಅವು ಹೋದ ಮೇಲೆ ಮೂತಿಯ ಗೆರೆ ಅರ್ಧಕ್ಕೇ ನಿಲ್ಲುತ್ತದೆ.

ಅದಕ್ಕೇ ಗಾಜನ್ನು ಬಣ್ಣದಲ್ಲಿ ಮುಗಿಸದೆ ನಿಜವಾಗಿ ಕೂರಿಸುತ್ತಿದ್ದೇನೆ. ಮರದ ಸಣ್ಣ ಅಚ್ಚನ್ನು ನೀರಿನ ಬಾಟಲಿಯೊಳಗೆ ಇಟ್ಟು ಹೀಟ್ ಗನ್ ಹಿಡಿದರೆ ಪ್ಲಾಸ್ಟಿಕ್ ಕುಗ್ಗಿ ಅಚ್ಚಿಗೆ ಅಂಟಿ ಕೂರುತ್ತದೆ. ಆಮೇಲೆ ಕತ್ತರಿಸಿ ತೆಗೆಯುವುದು. ಎಡಗಡೆಯದು ಚೆನ್ನಾಗಿ ಬಂದಿದೆ.

ಚಕ್ರಗಳನ್ನು ಚನ್ನಪಟ್ಟಣದಲ್ಲೇ ಲೇತ್ ಕೆಲಸದವರೊಬ್ಬರ ಹತ್ತಿರ ಮಾಡಿಸಿದೆ. ಅರಗಿನ ಬಣ್ಣ ಹತ್ತಿದ ಮೇಲೆ ತಾಳೆಗರಿ ಒತ್ತಿ ಹಿಡಿದರೆ ಬರುವ ಹೊಳಪಿದೆಯಲ್ಲ, ಟೈರಿನ ಕಪ್ಪಿಗೆ ಸ್ವಲ್ಪ ಜಾಸ್ತಿಯೇ ಆಯಿತು. ಇಡೀ ಕಾರಿಗೇ ಅರಗು ಹಚ್ಚಬಹುದಾ ಅಂತ ಆಸೆಪಟ್ಟು ಕೇಳಿದೆ. "ಆಗಲ್ಲ ಸರ್, ತಿರುಗೋ ಸಾಮಾನಿಗೆ ಮಾತ್ರ ಅರಗು ಹತ್ತೋದು" ಅಂದರು. ಸರಿ, ತಿರುಗುವಾಗಿನ ಬಿಸಿಗೇ ತಾನೆ ಅರಗು ಕರಗುವುದು. ತಂತಿ ಕಡ್ಡಿಗಳ ಚಕ್ರವನ್ನು ನಾನೇ ಕೈಬಿಟ್ಟೆ. ಈಗಿರುವುದು ಸಾದಾ ಬಿಲ್ಲೆ.

ಚಕ್ರ ಇಟ್ಟು ನೋಡಿದ ಗೆಳೆಯರೆಲ್ಲ ಹೇಳಿದ್ದು ಒಂದೇ: "ಸ್ವಲ್ಪ ಹೊರಗೆ ತಗೊಳ್ಳಪ್ಪ, ಒಳಗೆ ಸೇರಿಕೊಂಡಿದೆ." ನಿಜವಾದ ಕಾರಿನಲ್ಲೂ ಹಾಗೇ ಇದೆ. 65 ಇಂಚು ಅಗಲದ ಮೈ ಕೆಳಗೆ ಚಕ್ರಗಳ ನಡುವಿನ ಅಂತರ 50 ಇಂಚು ಮಾತ್ರ. ಹಿಂದಿನಿಂದ ನೋಡಿದರೆ ದೊಡ್ಡ ಮೈ ಸಣ್ಣ ಕಾಲಿನ ಮೇಲೆ ನಿಂತ ಹಾಗೆ. ಇದು ಈ ಕಾರಿನ ಕೊರತೆ ಅಂತಲೇ ನಾನೂ ಒಪ್ಪುತ್ತೇನೆ. ಆದರೂ ಹೊರಗೆ ತರುವುದಿಲ್ಲ. ಚಕ್ರ ಹೊರಗೆ ಬಂದ ಕೂಡಲೇ ಬಾಗಿಲಿನ ಕೆಳಗೆ ಒಳಕ್ಕೆ ಸುತ್ತಿಕೊಳ್ಳುವ ಆ ಬಾಗು ಕಾಣದಾಗುತ್ತದೆ. ಅದಕ್ಕಾಗಿ ವಾರಗಟ್ಟಲೆ ಉಜ್ಜಿದ್ದೇನೆ.

ಬಣ್ಣ ಬೂದು. 1961ರ ಮಾರ್ಚ್‌ನಲ್ಲಿ ಜಿನೀವಾದ ಕಾರು ಪ್ರದರ್ಶನದಲ್ಲಿ ಜನರ ಮುಂದೆ ನಿಂತ 9600 ಎಚ್‌ಪಿ ನೋಂದಣಿಯ ಕೂಪೆಯದು ಮಿನುಗುವ ಗನ್‌ಮೆಟಲ್ ಬೂದು. ಹಿಂದೆಯೇ ಜಾಗ್ವಾರಿನ ಟೆಸ್ಟ್ ಡ್ರೈವರ್ ನಾರ್ಮನ್ ಡ್ಯೂಯಿಸ್ ಇಂಗ್ಲೆಂಡಿನ ಕವೆಂಟ್ರಿಯಿಂದ ರಾತ್ರಿಯಿಡೀ ಓಡಿಸಿ ತಂದ ತೆರೆದ ಕಾರು ಹಸಿರು. ಹಸಿರು ಎಲ್ಲರೂ ಮಾಡುತ್ತಾರೆ. ಮಿನುಗುವ ಬೂದಿನಲ್ಲಿ ಮೈಯ ತಪ್ಪುಗಳೂ ಮಿನುಗುತ್ತವೆ ಅನ್ನುವುದು ಗೊತ್ತು. ಅದಕ್ಕೇ ಪ್ರೈಮರ್ ಆದ ಮೇಲೆ ಇನ್ನೊಂದು ಸುತ್ತು ಪುಟ್ಟಿ ಇದೆ.

ಮುಂದಿನ ಕೆಲಸ ಹಿಂಭಾಗದ ಕೆಳಮೈ. ಅಲ್ಲಿ ಮೈ ಮೇಲಕ್ಕೆ ಎದ್ದು, ನಂಬರ್ ಪ್ಲೇಟ್ ಕೆಳಗೆ ಎರಡು ಸೈಲೆನ್ಸರ್ ಕೊಳವೆ ಜೋಡಿಯಾಗಿ ಹೊರಬರುತ್ತವೆ. ನನ್ನ ಹತ್ತಿರ ಇರುವ ಫೋಟೊಗಳೆಲ್ಲ ನಿಂತು ತೆಗೆದವು. ನೆಲದ ಮಟ್ಟದಿಂದ, ನೇರ ಹಿಂದಿನಿಂದ ತೆಗೆದದ್ದು ಯಾರ ಬಳಿಯಾದರೂ ಇದ್ದರೆ ಕಳುಹಿಸಿ. 2+2 (ಹಿಂದೆ ಎರಡು ಸಣ್ಣ ಸೀಟಿರುವ ಇ-ಟೈಪ್) ಕಾರಿನದು ಬೇಡ, ಅದರ ಛಾವಣಿಯೂ ಎತ್ತರ, ವೀಲ್‌ಬೇಸೂ ಉದ್ದ.