ಓವನ್ ಬಾಗಿಲ ಮುಂದೆ ಕುಳಿತು ಹಾಕಿದ ಲೆಕ್ಕ

ಭಾನುವಾರ ಸಂಜೆ ಮಗಳ ಆಸೆಯಂತೆ ಚೀಸ್ ಹಾಕಿದ ಬೇಕ್ಡ್ ಮ್ಯಾಕರೋನಿ ಮಾಡಿದೆ. ಓವನ್ನಿನ ಗಾಜಿನಾಚೆ ಚೀಸ್ ಗುಳ್ಳೆಯೆದ್ದು, ಪಾತ್ರೆಯ ಅಂಚಿನಲ್ಲಿ ಕಂದು ಬಣ್ಣಕ್ಕೆ ತಿರುಗುವುದನ್ನು ಇಬ್ಬರೂ ನೆಲದ ಮೇಲೆ ಕುಳಿತು ನೋಡಿದೆವು. ಆ ಇಪ್ಪತ್ತು ನಿಮಿಷದಲ್ಲಿ ನಾನು ಕಾಗದದ ಮೇಲೆ ಲೆಕ್ಕ ಹಾಕಿದೆ.

400 ಗ್ರಾಂ ಒಣ ಮ್ಯಾಕರೋನಿ, 300 ಗ್ರಾಂ ಚೆಡ್ಡರ್, ಅರ್ಧ ಲೀಟರ್ ಹಾಲು, 50 ಗ್ರಾಂ ಬೆಣ್ಣೆ, ಸಾಸ್ ಗಟ್ಟಿಯಾಗಲು ಒಂದಿಷ್ಟು ಮೈದಾ. ಆರು ಪಾಲು ಮಾಡಿದರೆ ಒಬ್ಬರಿಗೆ 550ರಿಂದ 600 ಕ್ಯಾಲರಿ, ಸುಮಾರು 24 ಗ್ರಾಂ ಪ್ರೋಟೀನ್, 400 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ. ಬೆಳೆಯುವ ಹುಡುಗಿಗೆ ಇದು ಒಳ್ಳೆಯ ಊಟವೇ. ನಾರಿನಂಶ ಮಾತ್ರ ಸುಮಾರು ಎರಡು ಗ್ರಾಂ ಅಷ್ಟೇ. ಅದಕ್ಕೇ ಒಂದು ಹೂಕೋಸನ್ನು ಚಿಕ್ಕದಾಗಿ ಬಿಡಿಸಿ, ಬಟಾಣಿಯ ಜೊತೆ ಅರೆಬೇಯಿಸಿ ಒಳಗೆ ಸೇರಿಸಿದ್ದೆ.

ನನ್ನನ್ನು ತಡೆದು ನಿಲ್ಲಿಸಿದ್ದು ಉಪ್ಪು. ಅಷ್ಟು ಚೆಡ್ಡರ್‌ನಲ್ಲೇ ಸುಮಾರು ಐದು ಗ್ರಾಂ ಉಪ್ಪಿಗೆ ಸಮನಾದ ಸೋಡಿಯಂ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರೊಬ್ಬರ ಇಡೀ ದಿನದ ಉಪ್ಪು 5 ಗ್ರಾಂಗಿಂತ ಕಡಿಮೆ ಇರಬೇಕು. ಮನೆಯಲ್ಲಿ ಅತ್ತೆಯವರಿಗೆ ರಕ್ತದೊತ್ತಡ. ಸಾಸಿಗೆ ಚಿಟಿಕೆ ಉಪ್ಪನ್ನೂ ಹಾಕಲಿಲ್ಲ, ಕಾಳುಮೆಣಸು ಮತ್ತು ಜಾಯಿಕಾಯಿ ಸಾಕಾಯಿತು.

ಅತ್ತೆಯವರು ಅಂಚಿನ ಗರಿಗರಿ ಭಾಗವನ್ನೇ ಆರಿಸಿಕೊಂಡು ತಿಂದು, "ಇನ್ನೊಂದು ಚೂರು ಕೊಡಮ್ಮ" ಎಂದರು. ತಟ್ಟೆಯಲ್ಲಿ ಹೂಕೋಸನ್ನೂ ಉಳಿಸಲಿಲ್ಲ.