ಹಾಲಿನ ಗಾಡಿ

2020ರ ಮಾರ್ಚ್‌ನಲ್ಲಿ ದುಬೈನಿಂದ ಬಂದಾಗ ನನ್ನ ಕೈಗೆ ಸೀಲ್ ಹಾಕಿ ಮನೆಗೆ ಕಳಿಸಿದರು. ಮಲ್ಪೆಯ ನಮ್ಮ ಮನೆಯ ಮಹಡಿ ಕೋಣೆಯಲ್ಲೇ ಕ್ವಾರಂಟೈನ್. ಅಮ್ಮ ಬಾಗಿಲ ಹೊರಗೆ ಗಂಜಿ ಇಟ್ಟು, ಕೂಗಿ ಹೇಳಿ ಇಳಿದುಹೋಗುತ್ತಿದ್ದರು. ಉಳಿದದ್ದು ನಾನು ಮತ್ತು ಮೊಬೈಲ್.

ಇಟಲಿಯ ಬೆರ್ಗಾಮೊದಲ್ಲಿ ಮಿಲಿಟರಿ ಲಾರಿಗಳು ಸಾಲಾಗಿ ಶವಪೆಟ್ಟಿಗೆ ಒಯ್ಯುವ ದೃಶ್ಯ ಆಗ ಎಲ್ಲರ ಫೋನಿನಲ್ಲೂ ಇತ್ತು. ಅದು ಸುಳ್ಳಲ್ಲ, ಮಾರ್ಚ್ 18ರ ರಾತ್ರಿ ನಡೆದದ್ದೇ. ಅದನ್ನೇ ಮತ್ತೆ ಮತ್ತೆ ನೋಡಿ ಮಲಗಿದ್ದೆ. ಬೆಳಗಿನ ಜಾವ ರಸ್ತೆಯಲ್ಲಿ ಗಾಡಿ ನಿಂತ ಸದ್ದು. ಎದೆ ಧಸಕ್ಕೆಂದಿತು. ಯಾರನ್ನೋ ಒಯ್ಯಲು ಬಂದಿದ್ದಾರೆ. ಆಚೆ ಮನೆಯ ಅಜ್ಜನೇ ಇರಬೇಕು, ನಿನ್ನೆ ಕೆಮ್ಮುತ್ತಿದ್ದರು!

ಕಿಟಕಿ ಪಕ್ಕದಲ್ಲೇ ಇತ್ತು. ಆದರೆ ಕೈ ಹೋದದ್ದು ಫೋನಿಗೆ. ಫ್ಯಾಮಿಲಿ ಗ್ರೂಪಿನಲ್ಲಿ ಯಾರದೋ ಆಡಿಯೋ, ಊರಿನಲ್ಲಿ ಹೆಣ ಬೀಳ್ತಾ ಉಂಟಂತೆ. ಕೆಳಗಿದ್ದ ಅಮ್ಮನಿಗೆ ಕಾಲ್ ಮಾಡಿದೆ.

"ಅಮ್ಮ, ಯಾರು ಹೋದದ್ದು?"

"ಎಲ್ಲಿಗೆ?"

"ಗಾಡಿ ಬಂತಲ್ಲ?"

"ಅದು ಹಾಲಿನ ಗಾಡಿ ಮಾರಾಯ. ಸುಮ್ನೆ ಮಲಗು. ಆಚೆ ಮನೆ ಅಜ್ಜ ಗುಜ್ಜೆ ಕೊಟ್ಟಿದ್ದಾರೆ, ಮಧ್ಯಾಹ್ನಕ್ಕೆ ಪಲ್ಯ."

ಆ ತಿಂಗಳ ಕೊನೆಗೆ ಇಡೀ ಉಡುಪಿ ಜಿಲ್ಲೆಯಲ್ಲಿ ಸೋಂಕಿತರು ಮೂವರೇ. ಮೂವರೂ ಗುಣವಾದರು. ಮೇ ಮಧ್ಯದವರೆಗೆ ಹೊಸಬರೇ ಇರಲಿಲ್ಲ. ಆದರೆ ಫೋನಿನೊಳಗೆ ಕಿಲೋಮೀಟರ್ ಎಂಬುದಿಲ್ಲ. ಇಟಲಿಯ ಸಾವೂ ನಮ್ಮ ಓಣಿಯ ಕೆಮ್ಮೂ ಒಂದೇ ಅಳತೆಯಲ್ಲಿ ಕಾಣುತ್ತವೆ. ಬೇರೆ ದಿನಗಳಲ್ಲಾದರೆ ಬಂದರಿನ ಕಡೆ ಹೋದರೆ ಸಾಕು, ನಾಲ್ಕು ಜನ ಬೈದು ಗಾಳಿಸುದ್ದಿಯನ್ನು ಅಲ್ಲೇ ಮುಗಿಸುತ್ತಿದ್ದರು. ಈಗ ಬೋಟುಗಳೂ ನಿಂತಿದ್ದವು, ಬೈಯುವವರೂ ಇರಲಿಲ್ಲ.

ಸುಳ್ಳೆಲ್ಲ ಹೆದರಿಸುವಂಥದ್ದೇ ಅಲ್ಲ. ವೆನಿಸ್ ಕಾಲುವೆಗೆ ಡಾಲ್ಫಿನ್ ಬಂದಿವೆ ಎಂಬ ವಿಡಿಯೋ ನೋಡಿ ಒಂದು ದಿನವಿಡೀ ಖುಷಿಯಾಗಿದ್ದೆ. ಅದು ಸಾರ್ಡಿನಿಯಾದ್ದಂತೆ. ಇರಲಿ ಬಿಡಿ. ಏಪ್ರಿಲ್‌ನಲ್ಲಿ ವಾಟ್ಸಾಪ್‌ನವರು, ತುಂಬಾ ಕೈ ದಾಟಿ ಬಂದ ಮೆಸೇಜನ್ನು ಒಮ್ಮೆಗೆ ಒಂದೇ ಕಡೆ ಕಳಿಸಬಹುದು ಎಂದು ಮಿತಿ ಹಾಕಿದರು. ನಮ್ಮ ಚಿಕ್ಕಮ್ಮ ಬಿಟ್ಟಾರೆಯೇ? ಕೂತು ಒಬ್ಬೊಬ್ಬರಿಗೇ ಕಳಿಸಿದರು.

ನನಗೆ ಜಾಸ್ತಿ ವಿಚಿತ್ರ ಅನಿಸಿದ್ದು ಜೂನ್‌ನಲ್ಲಿ. ಮುಂಬೈ ಕಡೆಯಿಂದ ನಮ್ಮವರು ವಾಪಸ್ ಬಂದರು, ಪ್ರಕರಣಗಳ ಲೆಕ್ಕದಲ್ಲಿ ಉಡುಪಿ ರಾಜ್ಯದಲ್ಲೇ ಮುಂದಿನ ಸಾಲಿಗೆ ಬಂತು. ನಮ್ಮ ಓಣಿಯಲ್ಲೇ ಒಂದು ಮನೆ ಸೀಲ್‌ಡೌನ್. ಗ್ರೂಪಿಗೆ ಅಷ್ಟರಲ್ಲಿ ಕೊರೊನಾ ಬೇಜಾರಾಗಿತ್ತು. ಅವತ್ತು ಅಲ್ಲಿ ಬಂದದ್ದು ಹಲಸಿನ ಹಣ್ಣಿನ ಗಟ್ಟಿ ಮಾಡುವ ವಿಡಿಯೋ. ನಾನು ಸೀಲ್‌ಡೌನ್ ವಿಷಯ ಬರೆದು ಹಾಕಿದೆ.

"ಇದು ಹೌದಾ, ಸುಳ್ಳಾ?" ಎಂದು ಕೇಳಿದರು ಚಿಕ್ಕಮ್ಮ.