ಬಾರ್ಬಡೋಸಿನ ಮರಳು ಮತ್ತು ಹಿತ್ತಿಲಿನ ಗುಂಡಿ

ನಾನು ಉಳ್ಳಾಲದವಳು. ನಮ್ಮಲ್ಲಿ ಮಳೆಗಾಲ ಅಂದರೆ ಕಡಲ್ಕೊರೆತ. ಜೂನ್ ಬಂತೆಂದರೆ ಲಾರಿಗಳು ಸಾಲಾಗಿ ಬಂದು ದೊಡ್ಡ ದೊಡ್ಡ ಕಲ್ಲು ಸುರಿದು ಹೋಗುತ್ತಿದ್ದವು. ಮುಂದಿನ ಜೂನ್ ಹೊತ್ತಿಗೆ ಆ ಕಲ್ಲುಗಳೇ ಕಾಣುತ್ತಿರಲಿಲ್ಲ. ಅಮ್ಮನ ಹಿತ್ತಿಲಿನ ಮೂರು ತೆಂಗಿನಮರ ನನ್ನ ಕಣ್ಣೆದುರೇ ಕಡಲು ಸೇರಿದವು. ಹಾಗಾಗಿ ಕಡಲಿಗೆ ಕಲ್ಲು ಹಾಕುತ್ತೇವೆ ಅಂತ ಯಾರಾದರೂ ಹೇಳಿದರೆ ನನಗೆ ನಂಬಿಕೆ ಬರುವುದು ಕಷ್ಟ.

2019ರಲ್ಲಿ ನಮ್ಮ ಮನೆಯವರಿಗೆ ಬಾರ್ಬಡೋಸಿನ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುವ ಕೆಲಸ ಸಿಕ್ಕಿತು. ವೆಸ್ಟ್ ಇಂಡೀಸಿನ ಈ ದ್ವೀಪ ದೇಶ ಅಂದರೆ ಒಟ್ಟು 430 ಚದರ ಕಿಲೋಮೀಟರ್ ಅಷ್ಟೇ. ಬೆಂಗಳೂರಿಗಿಂತ ಚಿಕ್ಕದು. ಜನ ಮೂರು ಲಕ್ಷವೂ ಇಲ್ಲ. ಮನೆ ಸಿಕ್ಕಿದ್ದು ದಕ್ಷಿಣ ತೀರದ ಹೇಸ್ಟಿಂಗ್ಸ್‌ನಲ್ಲಿ, ಕಡಲಿನಿಂದ ನಾಲ್ಕು ಹೆಜ್ಜೆ. ಮೊದಲ ರಾತ್ರಿ ಅಲೆಯ ಸದ್ದಿಗೆ ನಿದ್ದೆಯೇ ಬರಲಿಲ್ಲ. ಉಳ್ಳಾಲದ ಹೆಣ್ಣಿಗೆ ಆ ಸದ್ದು ಜೋಗುಳ ಅಲ್ಲ.

ಬೆಳಗ್ಗೆ ಎದ್ದು ನೋಡಿದರೆ ಕಡಲಂಚಿನಲ್ಲಿ ಚೆಂದದ ಕಾಲುದಾರಿ. ಹೇಸ್ಟಿಂಗ್ಸ್‌ನಿಂದ ರಾಕ್ಲಿ ಬೀಚ್‌ವರೆಗೆ, ಒಂದು ಕಿಲೋಮೀಟರಿಗಿಂತ ತುಸು ಜಾಸ್ತಿ. ವೈದ್ಯರೂ ಹಣಕಾಸು ಮಂತ್ರಿಯೂ ಆಗಿದ್ದ ರಿಚರ್ಡ್ ಹೇನ್ಸ್ ಅವರ ಹೆಸರಿಟ್ಟಿದ್ದಾರೆ. ನಸುಕಿನಲ್ಲೇ ಜನ ನಡೆಯುತ್ತಿರುತ್ತಾರೆ. ಎದುರಾದವರು ಪರಿಚಯ ಇರಲಿ ಬಿಡಲಿ 'ಗುಡ್ ಮಾರ್ನಿಂಗ್' ಹೇಳಿಯೇ ಮುಂದೆ ಹೋಗುವುದು. ಪ್ರವಾಸಿಗರಿಗಾಗಿ ಮಾಡಿದ್ದು ಅಂತ ನಾನು ಎಣಿಸಿದ್ದೆ.

ಅದು ತಪ್ಪು ಅಂತ ತಿಳಿಸಿದವರು ಪಕ್ಕದ ಮನೆಯ ಅಜ್ಜಿ. ನಿವೃತ್ತ ಟೀಚರ್, ಎಪ್ಪತ್ತು ದಾಟಿದೆ, ನಡಿಗೆಯಲ್ಲಿ ನನ್ನನ್ನು ಹಿಂದೆ ಹಾಕುತ್ತಾರೆ. ಒಂದು ದಿನ ರಾಕ್ಲಿ ಹತ್ತಿರ ನಿಂತು, ಕಡಲಿನೊಳಗೆ ಚಾಚಿಕೊಂಡಿರುವ ಕಲ್ಲಿನ ರಾಶಿಗಳನ್ನು ತೋರಿಸಿದರು. ಮೊದಲು ಬಂದದ್ದು ಈ ಕಲ್ಲುಗಳಂತೆ, ನಡೆಯುವ ದಾರಿ ಅದರ ಜೊತೆ ಬಂದದ್ದು. ಆ ರಾಶಿಗಳು ಅಲೆಯ ಬಲ ಮುರಿಯುತ್ತವೆ. ನಡುವೆ ಮರಳು ಬಂದು ನಿಲ್ಲುತ್ತದೆ. ಕಲ್ಲು ಎಲ್ಲಿ, ಯಾವ ಕೋನದಲ್ಲಿ, ಎಷ್ಟು ದೂರ ಹಾಕಬೇಕು ಅನ್ನುವುದಕ್ಕೆ ಇಲ್ಲಿ ಕೋಸ್ಟಲ್ ಜೋನ್ ಮ್ಯಾನೇಜ್‌ಮೆಂಟ್ ಯೂನಿಟ್ ಅನ್ನುವ ಸರ್ಕಾರಿ ಘಟಕವೇ ಇದೆ. 1983ರಲ್ಲಿ ಸಣ್ಣ ಅಧ್ಯಯನ ತಂಡವಾಗಿ ಶುರುವಾದದ್ದು. ಅಂದಿನಿಂದ ಮರಳು ಎಷ್ಟು ಬಂತು, ಎಷ್ಟು ಹೋಯಿತು ಅಂತ ಅಳೆಯುತ್ತಲೇ ಇದ್ದಾರೆ.

ಅಳೆಯುವುದು! ನಮ್ಮ ಮನೆ ಮುಂದೆ ಲಾರಿ ಬಂದದ್ದು ನೆನಪಿದೆ. ಯಾರಾದರೂ ಬಂದು ಅಳೆದದ್ದು ಮಾತ್ರ ನನ್ನ ಬಾಲ್ಯದಲ್ಲಿ ನೆನಪಿಲ್ಲ. ನಾನು ಊರು ಬಿಟ್ಟ ಮೇಲೆ ಉಳ್ಳಾಲದಲ್ಲೂ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ಸಾಲದಲ್ಲಿ ಕಡಲೊಳಗೆ ತಡೆದಿಬ್ಬ ಕಟ್ಟುವ ಕೆಲಸ ನಡೆಯಿತು. ಅದೇ ಕೆಲಸ ಇಪ್ಪತ್ತು ವರ್ಷ ಮೊದಲೇ ಆಗಿದ್ದರೆ ಅನ್ನಿಸುತ್ತದೆ.

ಆದರೆ ನನ್ನನ್ನು ನಿಜಕ್ಕೂ ಹಿಡಿದು ನಿಲ್ಲಿಸಿದ್ದು ಆ ಕಲ್ಲಲ್ಲ, 'ಸಕ್ ವೆಲ್'. ಇಲ್ಲಿನವರು ಹಿತ್ತಿಲಿನ ಕೊಳಚೆ ಗುಂಡಿಗೆ ಹೇಳುವ ಹೆಸರು ಅದು. ದ್ವೀಪದ ಬಹುಪಾಲು ನೆಲ ಹವಳದ ಸುಣ್ಣಕಲ್ಲು. ಸ್ಪಂಜಿನ ಹಾಗೆ ತೂತು ತೂತು. ಗುಂಡಿ ತೋಡಿ ಕೊಳಚೆ ಬಿಟ್ಟರೆ ಇಂಗಿ ಹೋಗುತ್ತದೆ, ಮನೆಯವರಿಗೆ ಚಿಂತೆಯೇ ಇಲ್ಲ. ಇಂಗಿದ್ದು ಹೋಗುವುದು ಎಲ್ಲಿಗೆ? ಒಳನಾಡಿನಲ್ಲಾದರೆ ಕುಡಿಯುವ ಅಂತರ್ಜಲಕ್ಕೆ. ಅದಕ್ಕೆ 1963ರಲ್ಲೇ ದ್ವೀಪವನ್ನು ವಲಯಗಳಾಗಿ ಭಾಗ ಮಾಡಿ, ಕುಡಿಯುವ ನೀರಿನ ಬಾವಿಗಳ ಸುತ್ತ ಹೊಸ ಮನೆ ಕಟ್ಟದಂತೆ ನಿಯಮ ಮಾಡಿದರು. ಮೊದಲ ವಲಯದ ಗಡಿ ಎಳೆದದ್ದು ನೆಲದಡಿಯ ನೀರು ಬಾವಿ ಮುಟ್ಟಲು 300 ದಿನ ಬೇಕಾಗುವ ದೂರದ ಲೆಕ್ಕದಲ್ಲಿ. ರೋಗಾಣುಗಳು ಅಷ್ಟರೊಳಗೆ ಸಾಯಲಿ ಅಂತ.

ಕಡಲತೀರದ ಮನೆಗಳದ್ದಾದರೆ ಸೀದಾ ಕಡಲಿಗೇ. ಕೊಳಚೆಯ ಸಾರಕ್ಕೆ ನೀರಿನಲ್ಲಿ ಪಾಚಿ ಹೆಚ್ಚುತ್ತದೆ. ಪಾಚಿ ಹವಳವನ್ನು ಮುಚ್ಚಿಬಿಡುತ್ತದೆ. ಹವಳದ ದಿಬ್ಬ ಸತ್ತರೆ ಅಲೆಯನ್ನು ದೂರದಲ್ಲೇ ತಡೆಯುವವರು ಯಾರೂ ಇಲ್ಲ. ಇನ್ನೊಂದು ವಿಷಯ. ಇಲ್ಲಿನ ಬಿಳಿ ಮರಳು ಹುಟ್ಟುವುದೇ ಆ ದಿಬ್ಬದಲ್ಲಿ. ಪ್ಯಾರಟ್ ಫಿಶ್ ಅನ್ನುವ ಮೀನು ಪಾಚಿ ಕೆರೆದು ತಿನ್ನುವಾಗ ಹವಳವನ್ನೂ ಕಡಿಯುತ್ತದೆ, ಅದು ಹೊಟ್ಟೆಯಿಂದ ಹೊರಬರುವಾಗ ಮರಳಾಗಿರುತ್ತದೆ. ಅಂದರೆ ನಮ್ಮ ಬಚ್ಚಲಿನ ನೀರು ಎಲ್ಲಿಗೆ ಹೋಗುತ್ತದೆ ಅನ್ನುವುದಕ್ಕೂ ನಾನು ಬೆಳಗ್ಗೆ ಕಾಲಿಡುವ ಮರಳಿಗೂ ನೇರ ಸಂಬಂಧ ಇದೆ. ಇದು ತಿಳಿದ ದಿನ ನಾನು ಸುಮ್ನೆ ಬೆಂಚಿನ ಮೇಲೆ ಕೂತುಬಿಟ್ಟಿದ್ದೆ.

ಗುಂಡಿಗಳನ್ನು ಬಿಡಿಸಲೆಂದೇ ದಕ್ಷಿಣ ತೀರಕ್ಕೆ ಒಳಚರಂಡಿ ಹಾಕಿದರು. ನಾವು ಬರುವ ಮುಂಚೆ, 2016ರ ಕೊನೆಯಿಂದ 2018ರವರೆಗೆ, ಅದು ಕೈಕೊಟ್ಟಿತ್ತು. ರಸ್ತೆಯ ಮ್ಯಾನ್‌ಹೋಲ್‌ಗಳಿಂದ ಕೊಳಚೆ ಉಕ್ಕಿ, ಹೊರದೇಶಗಳು ತಮ್ಮ ಪ್ರವಾಸಿಗರಿಗೆ ಎಚ್ಚರಿಕೆ ಕೊಡುವಷ್ಟಾಯಿತು. ಅಜ್ಜಿ ಆ ದಿನಗಳ ಮಾತು ಬಂದರೆ ಈಗಲೂ ಮೂಗು ಮುಚ್ಚಿಕೊಳ್ಳುತ್ತಾರೆ. ಎರಡು ವರ್ಷ ಕಿಟಕಿ ತೆರೆಯಲಿಲ್ಲ ಅನ್ನುತ್ತಾರೆ.

2024ರ ಜೂನ್ 29ರಂದು ಇಲ್ಲಿನ ರಾಜಧಾನಿ ಬ್ರಿಜ್‌ಟೌನ್‌ನ ಕೆನ್ಸಿಂಗ್ಟನ್ ಓವಲ್‌ನಲ್ಲಿ ನಮ್ಮವರು ಟಿ20 ವಿಶ್ವಕಪ್ ಗೆದ್ದರು. ಕೋಚ್ ಆಗಿ ನಮ್ಮ ದ್ರಾವಿಡ್ ಅವರ ಕೊನೆಯ ಪಂದ್ಯ. ನಾವು ಮೂವರೂ ಸ್ಟೇಡಿಯಮ್ಮಿನಲ್ಲಿ ಕೂಗಿ ಕೂಗಿ ಗಂಟಲು ಕಟ್ಟಿಕೊಂಡೆವು. ಎರಡೇ ದಿನಕ್ಕೆ, ಜುಲೈ 1ರಂದು, ಬೆರಿಲ್ ಚಂಡಮಾರುತ ದ್ವೀಪದ ದಕ್ಷಿಣಕ್ಕೆ ಹಾದುಹೋಯಿತು. ವಿಮಾನ ನಿಲ್ದಾಣ ಮುಚ್ಚಿ, ಕಪ್ ಹಿಡಿದ ತಂಡವೂ ಇಲ್ಲೇ ಸಿಕ್ಕಿಹಾಕಿಕೊಂಡಿತು. ನಮ್ಮ ಕಿಟಕಿಗೆ ಪ್ಲೈವುಡ್ ಹೊಡೆದು ಒಳಗೆ ಕೂತೆವು. ಮಗಳು ನನ್ನ ಕೈ ಬಿಡಲಿಲ್ಲ. ನನಗೆ ತೆಂಗಿನಮರಗಳೇ ನೆನಪಾಗುತ್ತಿದ್ದವು.

ಗಾಳಿ ನಿಂತ ಮೇಲೆ ಹೋಗಿ ನೋಡಿದೆವು. ಕಾಲುದಾರಿಯ ಮೇಲೆಲ್ಲ ಮರಳು, ಕಲ್ಲಿನ ಚೂರು, ಕಡಲಕಳೆ. ಬ್ರಿಜ್‌ಟೌನ್ ಬಂದರಿನಲ್ಲಿ ಮೀನುಗಾರರ ದೋಣಿಗಳು ಒಂದರ ಮೇಲೊಂದು ಬಿದ್ದು ಒಡೆದಿದ್ದವು. ಅದನ್ನು ನೋಡಿ ಅಳು ಬಂತು, ದೋಣಿ ಹೋದರೆ ಏನು ಹೋಗುತ್ತದೆ ಅಂತ ನನಗೆ ಗೊತ್ತು. ನಮ್ಮ ಬೀದಿಯ ಮನೆಗಳು ಮಾತ್ರ ಉಳಿದಿದ್ದವು. ಆ ಕಲ್ಲಿನ ರಾಶಿಗಳೂ ಇದ್ದಲ್ಲೇ ಇದ್ದವು. ನಾನು ಹೋಗಿ ಒಂದು ಕಲ್ಲನ್ನು ಕೈಯಲ್ಲಿ ಮುಟ್ಟಿ ಬಂದೆ.

ಅದೇ ವರ್ಷ ಡಿಸೆಂಬರ್‌ನಲ್ಲಿ ಸರ್ಕಾರ ಇನ್ನೊಂದು ಕೆಲಸ ಮಾಡಿತು. ಊರಲ್ಲಿ ಫೈನಾನ್ಸಿನ ದುಬಾರಿ ಸಾಲ ತೀರಿಸಿ ಕಡಿಮೆ ಬಡ್ಡಿಗೆ ಬ್ಯಾಂಕಿನಲ್ಲಿ ಸಾಲ ತೆಗೆಯುತ್ತಾರಲ್ಲ, ಹಾಗೆಯೇ. ಯುರೋಪಿಯನ್ ಇನ್ವೆಸ್ಟ್‌ಮೆಂಟ್ ಬ್ಯಾಂಕ್ ಮತ್ತು ಇಂಟರ್ ಅಮೆರಿಕನ್ ಡೆವಲಪ್‌ಮೆಂಟ್ ಬ್ಯಾಂಕ್ ಸರ್ಕಾರದ ಆ ಹೊಸ ಸಾಲಕ್ಕೆ ತಲಾ 15 ಕೋಟಿ ಡಾಲರಿಗೆ ಜಾಮೀನು ನಿಂತವು. ಬಡ್ಡಿಯಲ್ಲಿ ಉಳಿಯುವ ಸುಮಾರು 12.5 ಕೋಟಿ ಡಾಲರ್ ನೀರು ಮತ್ತು ಕೊಳಚೆಯ ಕೆಲಸಗಳಿಗೆ. ಮುಖ್ಯವಾಗಿ ನಮ್ಮ ದಕ್ಷಿಣ ತೀರದ ಕೊಳಚೆ ಘಟಕವನ್ನು ಮೇಲ್ದರ್ಜೆಗೆ ಏರಿಸಿ, ಶುದ್ಧ ಮಾಡಿದ ನೀರನ್ನು ಕಡಲಿಗೆ ಬಿಡುವ ಬದಲು ಹೊಲಕ್ಕೆ, ಅಂತರ್ಜಲಕ್ಕೆ ಕೊಡುವುದು. ನೀರಿನ ಬರ ಇರುವ ದ್ವೀಪಕ್ಕೆ ಇದು ದೊಡ್ಡ ಮಾತು. ಸಿಕ್ಕ ದುಡ್ಡನ್ನು ಕಣ್ಣಿಗೆ ಕಾಣುವ ಸೇತುವೆಗೋ ಕಟ್ಟಡಕ್ಕೋ ಹಾಕದೆ, ಯಾರೂ ಫೋಟೋ ತೆಗೆಯದ ಕೊಳಚೆಗೆ ಹಾಕಲು ಹೊರಟಿದ್ದಾರೆ. ಇದಕ್ಕೆ ನನಗೆ ಈ ದೇಶದ ಮೇಲೆ ಗೌರವ ಹೆಚ್ಚಾಗಿದೆ. ಕೆಲಸ ಬೇಗ ಮುಗಿಯಲಿ ಅಂತ ದಿನಾ ಬೇಡಿಕೊಳ್ಳುತ್ತೇನೆ.

ಭಾನುವಾರ ಅಮ್ಮನಿಗೆ ವಿಡಿಯೋ ಕಾಲ್ ಮಾಡುತ್ತೇನೆ. ನನಗೆ ಬೆಳಗ್ಗೆ, ಅವಳಿಗೆ ಸಂಜೆ. ಊಟ, ಆರೋಗ್ಯ ಎಲ್ಲ ಕೇಳಿಯಾದ ಮೇಲೆ ಪ್ರತಿ ಸಲ ಒಂದೇ ಪ್ರಶ್ನೆ: "ಅಲ್ಲಿ ಮರಳು ಉಂಟಾ?" ನಾನು ಫೋನ್ ತಿರುಗಿಸಿ ಕಡಲಿನ ಕಡೆ ಹಿಡಿಯುತ್ತೇನೆ. ಅವಳು ಕನ್ನಡಕ ಸರಿಮಾಡಿಕೊಂಡು ತುಂಬಾ ಹೊತ್ತು ನೋಡುತ್ತಾಳೆ.